ಮೂತಿ ಒಂದು ಕಡೆ, ದೋಣಿ ಇನ್ನೊಂದು ಕಡೆ

ನನ್ನ ದೋಣಿ ನಾಲ್ಕು ಅಡಿ ಉದ್ದ, ಮನುಷ್ಯನಿಲ್ಲದೆ ತಾನಾಗೇ ಹೋಗುವಂಥದ್ದು. ಎರಡು ಪಿವಿಸಿ ಪೈಪು, ಎರಡು ಮೋಟರು, ಒಂದು 12 ವೋಲ್ಟ್ ಬ್ಯಾಟರಿ. ದಾರಿ ನೋಡಿಕೊಳ್ಳಲು ಪಿಕ್ಸ್‌ಹಾಕ್ ಬೋರ್ಡು, ಅದರೊಳಗೆ ಆರ್ಡುಪೈಲಟ್ ಎಂಬ ಉಚಿತ ತಂತ್ರಾಂಶ. ದಾವಣಗೆರೆಯ ಮನೆಯ ಮಹಡಿ ಮೇಲೆ ಕಟ್ಟಿ, ಸೂಳೆಕೆರೆಗೆ ಒಯ್ದೆ. ಅಲೆ ಏಳುವಷ್ಟು ದೊಡ್ಡ ನೀರು ನಮಗೆ ಹತ್ತಿರದಲ್ಲಿ ಅದೇ.

400 ಮೀಟರ್ ದಕ್ಷಿಣಕ್ಕೆ ಒಂದು ಗುರುತು ಇಟ್ಟೆ. ಬರೀ ದಿಕ್ಕು ಹಿಡಿದು ಹೋಗು ಅಂತ ಬೋರ್ಡಿಗೆ ಹೇಳಿದ್ದೆ. ಆಷಾಢದ ಪಡುವಣ ಗಾಳಿ ಬೀಸುತ್ತಿತ್ತು. ದೋಣಿಯ ಮೂತಿ ದಕ್ಷಿಣ ಬಿಟ್ಟು ಅಲುಗಲಿಲ್ಲ. ದೋಣಿ ಮಾತ್ರ ಮೂಡಲಿಗೆ ಸರಿಯುತ್ತಾ ಹೋಯಿತು. ಸೆಕೆಂಡಿಗೆ 1 ಮೀಟರ್ ಹೋಗುವ ದೋಣಿಯನ್ನು ಗಾಳಿ 0.3 ಮೀಟರ್ ಪಕ್ಕಕ್ಕೆ ತಳ್ಳಿದರೆ, 400 ಮೀಟರ್ ಮುಗಿಯುವಷ್ಟರಲ್ಲಿ 120 ಮೀಟರ್ ತಪ್ಪಿರುತ್ತದೆ. ನನ್ನದು ಹೋಗಿ ಮೀನಿನ ಬಲೆಗೆ ಸಿಕ್ಕಿಕೊಂಡಿತು.

ತೆಪ್ಪದಲ್ಲಿ ಬಂದ ಹಿರಿಯರೊಬ್ಬರು ಅದನ್ನು ಬಿಡಿಸಿ ಕೊಟ್ಟರು. ಬಲೆ ಹರಿದಿತ್ತು, ಅದರ ದುಡ್ಡು ಕೊಟ್ಟೆ. ಹೊರಡುವಾಗ ಅವರು ಹೇಳಿದರು: "ದಡ ನೋಡಿ ಹುಟ್ಟು ಹಾಕಿದರೆ ದಡ ಸಿಗಲ್ಲ, ಗಾಳಿ ನೋಡಿ ಹಾಕಬೇಕು."

ಅದನ್ನೇ ಬೋರ್ಡಿಗೆ ಕಲಿಸಲು ನನಗೆ ಮೂರು ವಾರ ಹಿಡಿಯಿತು. ಹೊರಟ ಜಾಗದಿಂದ ಗುರುತಿನವರೆಗೆ ಒಂದು ಗೆರೆ ಎಳೆದು, ಅದರಿಂದ ಎಷ್ಟು ಪಕ್ಕಕ್ಕೆ ಬಿದ್ದಿದ್ದೇನೆ ಅಂತ ದೋಣಿ ನೋಡುತ್ತಲೇ ಇರಬೇಕು. ತಪ್ಪು ಉಳಿದಷ್ಟು ಹೊತ್ತೂ ಮೂತಿಯನ್ನು ಸ್ವಲ್ಪ ಸ್ವಲ್ಪ ಗಾಳಿಯ ಕಡೆ ತಿರುಗಿಸಬೇಕು. ಅವತ್ತಿನ ಗಾಳಿಗೆ ಸುಮಾರು 17 ಡಿಗ್ರಿ ಬೇಕಿತ್ತು. ಅವಸರಪಟ್ಟು ಜಾಸ್ತಿ ತಿರುಗಿಸಿದರೆ ಹಾವಿನ ಹಾಗೆ ಹೊರಳುತ್ತಾ ಹೋಗುತ್ತದೆ.

ಇಷ್ಟಾದರೂ ದೋಣಿ ಓರೆಯಾಗೇ ಹೋಗುತ್ತಿತ್ತು. ಕೊನೆಗೆ ಸಿಕ್ಕಿದ್ದು ದಿಕ್ಸೂಚಿಯ ದೋಷ. ಮೋಟರ್ ವೇಗ ಹೆಚ್ಚಿಸಿದರೆ ಅದು ತೋರಿಸುವ ಉತ್ತರವೇ 20 ಡಿಗ್ರಿ ಸರಿಯುತ್ತಿತ್ತು. ಮೋಟರಿನ ತಂತಿ ಅದರ ಕೆಳಗೇ ಹಾದಿತ್ತು. ಕರೆಂಟ್ ಹರಿದರೆ ತಂತಿಯೂ ಅಯಸ್ಕಾಂತವೇ, ಅಲ್ವಾ? ಎರಡೂ ತಂತಿಗಳನ್ನು ಹೆಣೆದು, ದಿಕ್ಸೂಚಿಯನ್ನು ಒಂದಡಿ ಕೋಲಿನ ಮೇಲೆ ಕೂರಿಸಿದೆ. ಸರಿಹೋಯಿತು. ಜಿಪಿಎಸ್ ಇದೆಯಲ್ಲ ಅಂತ ಸುಮ್ನೆ ಇರುವ ಹಾಗಿಲ್ಲ. ನಿಂತ ದೋಣಿಯ ಮೂತಿ ಎತ್ತ ಇದೆ ಅಂತ ಒಂಟಿ ಜಿಪಿಎಸ್‌ಗೆ ಗೊತ್ತಾಗುವುದಿಲ್ಲ.

ಸಮುದ್ರದಲ್ಲಿ ಗಾಳಿಯ ಜೊತೆಗೆ ಅಲೆಯೂ ಸೇರುತ್ತದೆ. ಹಿಂದಿನಿಂದ ಓರೆಯಾಗಿ ಬರುವ ಅಲೆ ದೋಣಿಯ ಹಿಂಭಾಗವನ್ನೇ ಎತ್ತಿ ತಿರುಗಿಸುತ್ತದೆ. ಪ್ರತಿ ಅಲೆಗೂ ಚುಕ್ಕಾಣಿ ತಿರುಗುತ್ತಾ ಕೂತರೆ ಬ್ಯಾಟರಿ ಖಾಲಿ, ಚುಕ್ಕಾಣಿಯೂ ಸವೆಯುತ್ತದೆ. ಯಾವ ಅಲೆಯನ್ನು ಹಾಗೇ ಬಿಟ್ಟುಬಿಡಬೇಕು ಅನ್ನುವುದೂ ಆಟೋಪೈಲಟ್‌ಗೆ, ಅಂದರೆ ದೋಣಿ ನಡೆಸುವ ಬೋರ್ಡಿಗೆ, ಗೊತ್ತಿರಬೇಕು. 2016ರಲ್ಲಿ ಸೀಚಾರ್ಜರ್ ಎಂಬ ಪುಟ್ಟ ಸೌರ ದೋಣಿ ಕ್ಯಾಲಿಫೋರ್ನಿಯಾದಿಂದ ಹವಾಯಿಗೆ ತಾನಾಗೇ ತಲುಪಿತು. ಅಲ್ಲಿಂದ ನ್ಯೂಜಿಲೆಂಡಿಗೆ ಹೊರಟಾಗ ದಾರಿಯಲ್ಲಿ ಚುಕ್ಕಾಣಿ ಕೆಟ್ಟು ನಿಂತಿತು. ಅದನ್ನು ಓದಿದ ದಿನ ನನಗೆ ನಿಜಕ್ಕೂ ಸಂಕಟವಾಯಿತು.

ಆದರೆ ನನ್ನನ್ನು ಇನ್ನೂ ಕಾಡುವುದು ಆ ಬಲೆ. ಹಡಗುಗಳು ಡಿಕ್ಕಿಯಾಗದಂತೆ 1972ರಲ್ಲಿ ಮಾಡಿದ ಅಂತರರಾಷ್ಟ್ರೀಯ ನಿಯಮಗಳಲ್ಲಿ 5ನೆಯದು, ಕಣ್ಣು ಕಿವಿ ತೆರೆದು ಸದಾ ಕಾವಲಿರಬೇಕು ಅನ್ನುತ್ತದೆ. ದೊಡ್ಡ ಹಡಗುಗಳು ತಾವು ಎಲ್ಲಿದ್ದೇವೆ ಅಂತ ಎಐಎಸ್ ಯಂತ್ರದಿಂದ ಸಾರುತ್ತಿರುತ್ತವೆ. ಸಣ್ಣ ಮೀನುದೋಣಿಗಳಲ್ಲಿ ಎಷ್ಟೋ ಕಡೆ ಅದು ಇರುವುದಿಲ್ಲ. ಮನುಷ್ಯನಿಲ್ಲದ ದೋಣಿ ಅವರ ಹೊಟ್ಟೆಪಾಡಿನ ಮೇಲೆ ಹಾಯಬಾರದು.

ಈಗ ಕೆರೆಗೆ ಹೋದರೆ ಮೊದಲು ತೆಪ್ಪದವರನ್ನು ಕೇಳುತ್ತೇನೆ. ಬಲೆ ಇರುವ ಜಾಗಕ್ಕೆ ನಕ್ಷೆಯಲ್ಲೇ ಬೇಲಿ ಹಾಕಿ, ಆಮೇಲೆ ದೋಣಿ ಬಿಡುತ್ತೇನೆ. ಕಳೆದ ಭಾನುವಾರ 400 ಮೀಟರಿಗೆ 3 ಮೀಟರ್ ಮಾತ್ರ ತಪ್ಪಿತು.