ಕೂಳೆ ಚುಚ್ಚಿದ ಕಾಲಿಗೆ ಒಂದು ಟಿ.ಟಿ. ಸಾಕೇ?

ಮಂಡ್ಯ, ಪಾಂಡವಪುರದ ಕಡೆ ಕಬ್ಬು ಕಡಿಯುವಾಗ ಬರಿಗಾಲಿಗೆ ಕೂಳೆ ಚುಚ್ಚುವುದು ಮಾಮೂಲು. ಕಾಫಿಪುಡಿಯೋ ಸುಣ್ಣವೋ ಮೆತ್ತಿ, ಬಟ್ಟೆ ಸುತ್ತಿ, ಸಂಜೆ ಒಂದು ಟಿ.ಟಿ. (ಧನುರ್ವಾಯು ಲಸಿಕೆ) ಹಾಕಿಸಿಕೊಂಡು ಬಂದರೆ ಮುಗಿಯಿತು ಅಂತ ನಮ್ಮವರ ನಂಬಿಕೆ. ಧನುರ್ವಾಯು ತಡೆಯಲು ಅಷ್ಟು ಸಾಲದು.

ಮೊದಲು ತೊಳೆಯಿರಿ. ನಲ್ಲಿ ನೀರು ಬಿಟ್ಟು, ಸೋಪು ಹಾಕಿ, ಮಣ್ಣು ಪೂರ್ತಿ ಹೋಗುವವರೆಗೆ. ಈ ರೋಗಾಣುವಿನ ಬೀಜಕಣಗಳು ಮಣ್ಣಿನಲ್ಲಿ, ಸಗಣಿಯಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ; ಗಾಳಿಯಾಡದ ಆಳದ ಗಾಯ ಸಿಕ್ಕರೆ ಮೊಳೆತು ವಿಷ ಬಿಡುತ್ತವೆ. ಮೊಳೆ ಚುಚ್ಚಿದಾಗಲೂ ಹೆದರಬೇಕಾದ್ದು ಅದರ ತುಕ್ಕಿಗಲ್ಲ, ಅಂಟಿದ ಮಣ್ಣಿಗೆ. ಒಳಗೆ ಸಿಬಿರು ಉಳಿದಿದ್ದರೆ ಪಿನ್ನಿನಿಂದ ಕೆದಕದೆ ವೈದ್ಯರಿಂದ ತೆಗೆಸಿ. ಅಂಗಡಿಯಲ್ಲಿ ಸಿಗುವ ಗಾಯದ ಪುಡಿ ಬೇಡವೇ ಬೇಡ. ಮೇಲೆ ಹಕ್ಕಳೆ ಕಟ್ಟಿ ಕೊಳೆ ಒಳಗೇ ಉಳಿಯುತ್ತದೆ.

ಜನ ಎಡವುವುದು ಇಂಜೆಕ್ಷನ್ ವಿಷಯದಲ್ಲಿ. "ಹೋದ ವರ್ಷ ಹಾಕಿಸಿದ್ದೆ ಸಾರ್" ಎಂದರೆ ಸಾಲದು. ಒಟ್ಟು ಮೂರು ಡೋಸ್ ಆಗಿದೆಯೇ ಎಂಬುದು ಮುಖ್ಯ. ಆಗಿದ್ದರೆ, ಶುದ್ಧವಾದ ಸಣ್ಣ ಗಾಯಕ್ಕೆ ಕೊನೆಯ ಡೋಸ್‌ನಿಂದ 10 ವರ್ಷ, ಮಣ್ಣು ಗೊಬ್ಬರ ಸೇರಿದ ಗಾಯಕ್ಕೆ 5 ವರ್ಷ ಕಳೆದಿದ್ದರೆ ಮಾತ್ರ ಮತ್ತೊಂದು ಬೇಕು. ಆರು ತಿಂಗಳಿಗೊಮ್ಮೆ ಚುಚ್ಚಿಸಿಕೊಳ್ಳುವುದು ವ್ಯರ್ಥ. ಮೂರು ಆಗಿಲ್ಲ, ಅಥವಾ ನೆನಪಿಲ್ಲ ಎಂದಾದರೆ, ಕೊಳೆಯಾದ ಗಾಯಕ್ಕೆ ಲಸಿಕೆಯೊಂದೇ ಸಾಲದು. ಅದು ದೇಹದಲ್ಲಿ ವಿಷವನ್ನು ತಡೆಯುವ ಪ್ರತಿಕಾಯ ಹುಟ್ಟಿಸಲು ವಾರಗಳು ಬೇಕು, ರೋಗ ಅಷ್ಟರೊಳಗೇ ಬರಬಹುದು. ಸಿದ್ಧ ಪ್ರತಿಕಾಯವಿರುವ ಇಮ್ಯುನೊಗ್ಲಾಬುಲಿನ್ ಕೂಡ ಬೇಕು, ಸಾಮಾನ್ಯವಾಗಿ 250 ಯೂನಿಟ್, ಲಸಿಕೆ ಚುಚ್ಚಿದ್ದಕ್ಕಿಂತ ಬೇರೆ ಜಾಗಕ್ಕೆ. ವೈದ್ಯರನ್ನು ಬಾಯಿಬಿಟ್ಟು ಕೇಳಿ. ದೇಶದಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಶುರುವಾದದ್ದೇ 1985ರಲ್ಲಿ. ಹೆಂಗಸರಿಗೆ ಬಸುರಿಯಾಗಿದ್ದಾಗಲಾದರೂ ಲಸಿಕೆ ಬಿದ್ದಿರಬಹುದು. ಅರವತ್ತು ದಾಟಿದ ಗಂಡಸರ ವಿಷಯದಲ್ಲಿ ಹಾಗೆಂದು ನಂಬಿ ಕೂರಬೇಡಿ. ಎರಡನೆಯ ಡೋಸ್ ನಾಲ್ಕು ವಾರಕ್ಕೆ, ಮೂರನೆಯದು ಆರು ತಿಂಗಳ ಮೇಲೆ. ಗಾಯ ಮಾಯಿತೆಂದು ಇವನ್ನು ಬಿಡಬೇಡಿ. ಈಗ ಟಿ.ಟಿ. ಬದಲು ಟಿ.ಡಿ. ಕೊಡುತ್ತಾರೆ; ಗಂಟಲಮಾರಿಗೂ ರಕ್ಷಣೆ ಸಿಗುವುದರಿಂದ ಇನ್ನೂ ಒಳ್ಳೆಯದೇ.

ಆಮೇಲೆ ಮೂರು ವಾರ ಗಮನವಿಡಿ. ಬಾಯಿ ತೆರೆಯಲು ಬಿಗಿತ, ನುಂಗಲು ಕಷ್ಟ, ಕತ್ತು ಬೆನ್ನು ಸೆಟೆಯುವುದು ಕಂಡರೆ ಹಲ್ಲುನೋವೆಂದು ಮಾತ್ರೆ ನುಂಗಿಸಿ ಕಾಯಬೇಡಿ, ದವಡೆಗೆ ಎಣ್ಣೆ ತಿಕ್ಕಬೇಡಿ. ಮುಟ್ಟಿದರೆ, ಸದ್ದಾದರೆ ಸೆಳೆತ ಕೆರಳುತ್ತದೆ. 108 ಕರೆಸಿ, ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗೇ ಹೋಗಿ.

ಅಲ್ಲಿ "ರಕ್ತ ಪರೀಕ್ಷೆ ಮಾಡದೆ ಹೇಗೆ ಹೇಳ್ತೀರಿ?" ಎಂದು ಜಗಳಕ್ಕೆ ನಿಲ್ಲಬೇಡಿ. ಇದನ್ನು ಖಚಿತಪಡಿಸುವ ರಕ್ತ ಪರೀಕ್ಷೆಯೇ ಇಲ್ಲ. ಲಕ್ಷಣ ನೋಡಿಯೇ ಪತ್ತೆ ಮಾಡಬೇಕು. ವೈದ್ಯರು ಗಂಟಲ ಹಿಂಭಾಗಕ್ಕೆ ನಾಲಿಗೆ ಒತ್ತುವ ಚಪ್ಪಟೆ ಪಟ್ಟಿ ಮುಟ್ಟಿಸಿದಾಗ ಬೇರೆಯವರಿಗೆ ಓಕರಿಕೆ ಬರುತ್ತದೆ, ಧನುರ್ವಾಯುವಿನ ರೋಗಿ ಪಟ್ಟಿಯನ್ನು ಕಚ್ಚಿಬಿಡುತ್ತಾರೆ.

ಚಿಕಿತ್ಸೆಯಲ್ಲಿ ಇಮ್ಯುನೊಗ್ಲಾಬುಲಿನ್, ಗಾಯದ ಶುದ್ಧಿ, ರೋಗಾಣು ಕೊಲ್ಲಲು ಮೆಟ್ರೋನಿಡಜೋಲ್, ಸೆಳೆತಕ್ಕೆ ಡಯಾಜೆಪಾಮ್, ಮೆಗ್ನೀಸಿಯಂ, ಉಸಿರಾಟಕ್ಕೆ ಕಷ್ಟವಾದರೆ ವೆಂಟಿಲೇಟರ್. ನರದೊಳಗೆ ಸೇರಿಹೋದ ವಿಷವನ್ನು ಯಾವ ಔಷಧಿಯೂ ಬಿಡಿಸದು, ಅದಾಗಿ ಇಳಿಯಲು ವಾರಗಳೇ ಬೇಕು. ಮಂದ ಬೆಳಕಿನ, ಸದ್ದಿಲ್ಲದ ಕೋಣೆಯೂ ಚಿಕಿತ್ಸೆಯೇ. ನೆಂಟರು ಗುಂಪಾಗಿ ನೋಡಲು ಹೋಗಬಾರದು.

ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲ ಎಂಬುದು ಸುಳ್ಳು. ಈ ರೋಗದಿಂದ ರೋಗನಿರೋಧಕ ಶಕ್ತಿ ಬರುವುದಿಲ್ಲ. ಡಿಸ್ಚಾರ್ಜ್ ಆಗುವ ಮೊದಲೇ ಲಸಿಕೆ ಶುರು ಮಾಡಿಸಿ, ಮುಂದಿನ ಡೋಸ್‌ನ ತಾರೀಖು ಚೀಟಿಯಲ್ಲಿ ಬರೆಸಿಕೊಂಡು ಬನ್ನಿ.