ಸುಪೀರಿಯರ್ ಸರೋವರದ ದಡದಲ್ಲಿ ಮೇ ತಿಂಗಳ ಹವಾಮಾನ ಮುನ್ನೋಟವನ್ನು ಓದುವ ಬಗೆ

ಅಮೆರಿಕದ ಮಿನ್ನಿಸೋಟ ರಾಜ್ಯದ ಮಿನ್ನಿಯಾಪೊಲಿಸ್‌ನಿಂದ ಸುಪೀರಿಯರ್ ಸರೋವರದ ದಡದ ಡುಲೂತ್‌ಗೆ ಸುಮಾರು 250 ಕಿಲೋಮೀಟರ್, ಎರಡೂವರೆ ಗಂಟೆಯ ದಾರಿ. ಊರಿನಿಂದ ಬಂದ ತಂದೆತಾಯಿಯರಿಗೆ ಸಮುದ್ರದಂಥ ಸರೋವರವನ್ನು ತೋರಿಸಬೇಕೆಂದು ಅಲ್ಲಿಯ ಕನ್ನಡ ಕುಟುಂಬಗಳು ಮೇ ತಿಂಗಳಲ್ಲಿ ಇತ್ತ ಬರುವುದುಂಟು. ನನ್ನ ಅಮ್ಮ ಮೊದಲ ಸಲ ಬಂದ ದಿನ ಥಾಂಪ್ಸನ್ ಗುಡ್ಡದ ನೆತ್ತಿಯಲ್ಲಿ ಕಾರಿನ ಉಷ್ಣಮಾಪಕ 25 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿತ್ತು. ಗುಡ್ಡವಿಳಿದು ಬಂದರಿನ ಬಳಿಯ ಕೆನಾಲ್ ಪಾರ್ಕ್ ತಲುಪುವ ಹೊತ್ತಿಗೆ ಅದು 9ಕ್ಕೆ ಇಳಿದಿತ್ತು. ಹತ್ತಿಯ ಸೀರೆಯ ಸೆರಗನ್ನು ತಲೆಗೆ ಬಿಗಿದುಕೊಂಡು ಅವರು ಕಾರಿನಿಂದ ಇಳಿಯಲೇ ಇಲ್ಲ. ಆ ದಿನದ ಮುನ್ಸೂಚನೆಯೇನೂ ತಪ್ಪಿರಲಿಲ್ಲ; ಅದನ್ನು ಓದುವ ಕ್ರಮ ನನಗೆ ತಿಳಿದಿರಲಿಲ್ಲ.

ತಿಂಗಳ ಮುನ್ನೋಟದಿಂದಲೇ ಆರಂಭಿಸೋಣ. ಅಮೆರಿಕದ ಕ್ಲೈಮೇಟ್ ಪ್ರಿಡಿಕ್ಷನ್ ಸೆಂಟರ್ ಪ್ರಕಟಿಸುವ ನಕ್ಷೆಯಲ್ಲಿ ಮಿನ್ನಿಸೋಟದ ಈಶಾನ್ಯ ಭಾಗಕ್ಕೆ ತಿಳಿಗಿತ್ತಳೆ ಬಣ್ಣ ಬಳಿದು ‘ಶೇ 40’ ಎಂದು ಬರೆದಿದ್ದರೆ, ತಿಂಗಳು ವಾಡಿಕೆಗಿಂತ ಬೆಚ್ಚಗಿರುವ ಸಾಧ್ಯತೆ ಶೇ 40 ಎಂದಷ್ಟೇ ಅರ್ಥ. ಬೆಚ್ಚಗೆ, ವಾಡಿಕೆಯಂತೆ, ತಣ್ಣಗೆ ಎಂಬ ಮೂರು ವರ್ಗಗಳಿಗೂ ಮೂಲದಲ್ಲಿ ತಲಾ ಶೇ 33ರಷ್ಟು ಪಾಲು ಇರುವುದರಿಂದ, 40 ಎಂಬುದು ಸಣ್ಣ ವಾಲುವಿಕೆಯೇ ಹೊರತು ಭರವಸೆಯಲ್ಲ. ಎಷ್ಟು ಡಿಗ್ರಿ ಬೆಚ್ಚಗೆ ಎಂಬುದನ್ನು ಆ ಅಂಕಿ ಹೇಳುವುದೂ ಇಲ್ಲ. ಇಲ್ಲಿ ‘ವಾಡಿಕೆ’ ಎಂದರೆ 1991ರಿಂದ 2020ರವರೆಗಿನ ಸರಾಸರಿ. ಡುಲೂತ್‌ನ ಅಧಿಕೃತ ಅಳತೆ ನಡೆಯುವುದು ಗುಡ್ಡದ ಮೇಲಿನ ವಿಮಾನ ನಿಲ್ದಾಣದಲ್ಲಿ, ಸರೋವರದ ಮಟ್ಟಕ್ಕಿಂತ ಸುಮಾರು 250 ಮೀಟರ್ ಎತ್ತರದಲ್ಲಿ. ಅಲ್ಲಿ ಮೇ ತಿಂಗಳ ಸರಾಸರಿ ಗರಿಷ್ಠ ಉಷ್ಣಾಂಶ 17 ಡಿಗ್ರಿಯ ಆಸುಪಾಸು. ದಡದ ಕಥೆಯೇ ಬೇರೆ, ಆ ಕಥೆಯನ್ನು ತಿಂಗಳ ನಕ್ಷೆಯಲ್ಲಿ ಹುಡುಕಬಾರದು.

ದಡದ ಹವೆಯನ್ನು ತಿಳಿಯಲು ಮೊದಲು ನೀರಿನ ಉಷ್ಣಾಂಶವನ್ನು ನೋಡಬೇಕು. ಸುಪೀರಿಯರ್‌ನ ಸರಾಸರಿ ಆಳವೇ 147 ಮೀಟರ್, ಗರಿಷ್ಠ ಆಳ 406 ಮೀಟರ್. ಸಿಹಿನೀರು ಅತ್ಯಂತ ಸಾಂದ್ರವಾಗಿರುವುದು 4 ಡಿಗ್ರಿಯಲ್ಲಿ. ಚಳಿಗಾಲ ಮುಗಿದಾಗ ಮೇಲಿನ ನೀರು ಅದಕ್ಕಿಂತ ತಣ್ಣಗಿರುತ್ತದೆ. ಬಿಸಿಲು ಅದನ್ನು 4 ಡಿಗ್ರಿಯತ್ತ ಏರಿಸಿದಷ್ಟೂ ಅದು ಭಾರವಾಗಿ ಕೆಳಗಿಳಿಯುತ್ತದೆ, ಕೆಳಗಿನ ತಣ್ಣೀರು ಮೇಲೆ ಬರುತ್ತದೆ. ಆಳದವರೆಗೆ ನೀರೆಲ್ಲ ಆ ಮಟ್ಟಕ್ಕೆ ಬರುವವರೆಗೆ ಮೇಲ್ಪದರ ಬೆಚ್ಚಗಾಗಿ ನಿಲ್ಲಲಾರದು. ಆದ್ದರಿಂದಲೇ ಊರೆಲ್ಲ ಬಿಸಿಲಿನಲ್ಲಿ ಮಿಂದರೂ ಮೇ ಕೊನೆಯಲ್ಲಿ ನಡುಸರೋವರದ ನೀರು ಮೂರು-ನಾಲ್ಕು ಡಿಗ್ರಿಯಲ್ಲೇ ಉಳಿದಿರುತ್ತದೆ. ಆನ್ ಆರ್ಬರ್‌ನಲ್ಲಿರುವ ಮಹಾಸರೋವರಗಳ ಸಂಶೋಧನಾಲಯವು ನೀರಿನ ಮೇಲ್ಮೈ ಉಷ್ಣಾಂಶ ಮತ್ತು ಮಂಜುಗಡ್ಡೆಯ ನಕ್ಷೆಗಳನ್ನು ಜಾಲತಾಣದಲ್ಲಿ ಹಾಕುತ್ತದೆ. ಏಪ್ರಿಲ್ ಕೊನೆಯಲ್ಲಿ ಅದನ್ನೊಮ್ಮೆ ತೆರೆದು ನೋಡಿ. ಮಂಜುಗಡ್ಡೆ ಹೆಚ್ಚು ಉಳಿದಿದ್ದ ವರ್ಷ ದಡದ ವಸಂತ ತಡವಾಗುತ್ತದೆ. 2014ರಲ್ಲಿ ಮಂಜುಗಡ್ಡೆಯ ತುಂಡುಗಳು ಜೂನ್ ಮೊದಲ ವಾರದವರೆಗೂ ತೇಲುತ್ತಿದ್ದವು.

ನೀರಿನ ನಂತರ ಗಾಳಿ. ನನ್ನ ಅನುಭವದಲ್ಲಿ ಇಡೀ ಮುನ್ಸೂಚನೆಯಲ್ಲಿ ಇದಕ್ಕಿಂತ ಮುಖ್ಯವಾದ ಸಾಲು ಇನ್ನೊಂದಿಲ್ಲ. ಡುಲೂತ್ ಇರುವುದು ಸರೋವರದ ಪಶ್ಚಿಮದ ತುದಿಯಲ್ಲಿ. ಅಲ್ಲಿಂದ ಈಶಾನ್ಯಕ್ಕೂ ಪೂರ್ವಕ್ಕೂ ನೀರು ನೂರಾರು ಕಿಲೋಮೀಟರ್ ಚಾಚಿದೆ. ಮೂಡಣ ಅಥವಾ ಈಶಾನ್ಯ ದಿಕ್ಕಿನಿಂದ ಬೀಸುವ ಗಾಳಿ ಅಷ್ಟೂ ತಣ್ಣೀರನ್ನು ಸವರಿಕೊಂಡು ನೇರವಾಗಿ ಬಂದರಿಗೆ ನುಗ್ಗುತ್ತದೆ. ಹಾಗೆ ಗಾಳಿ ತಿರುಗಿದಾಗ ಅರ್ಧ ಗಂಟೆಯೊಳಗೆ ಹತ್ತು-ಹದಿನೈದು ಡಿಗ್ರಿ ಇಳಿಯುವುದು ಇಲ್ಲಿಯವರಿಗೆ ಹೊಸದಲ್ಲ. ನೈಋತ್ಯ ಅಥವಾ ಪಶ್ಚಿಮದ ಗಾಳಿ ಗಂಟೆಗೆ 25 ಕಿಲೋಮೀಟರ್ ಮೀರಿ ಬೀಸುವುದೆಂದಿದ್ದರೆ ಡುಲೂತ್‌ನ ದಡವೂ ಬೆಚ್ಚಗಿರುತ್ತದೆ ಎಂದು ಬಹುಮಟ್ಟಿಗೆ ನಂಬಬಹುದು. ಗಾಳಿ ಮಂದವಾಗಿದ್ದು ಬಿಸಿಲು ಜೋರಾಗಿದ್ದ ದಿನ ಮೋಸ ಹೋಗಬೇಡಿ: ನೆಲ ಕಾದಂತೆ, ಮಧ್ಯಾಹ್ನದ ಹೊತ್ತಿಗೆ ಸರೋವರದ ಗಾಳಿ ತಾನಾಗಿಯೇ ಏಳುತ್ತದೆ. ಮಂಗಳೂರಿನವರಿಗೆ ಇದು ಪರಿಚಿತವಾದ ಕಡಲಗಾಳಿಯೇ. ಅಲ್ಲಿಯ ಕಡಲು ಮೇ ತಿಂಗಳಲ್ಲಿ ಬೆಚ್ಚಗಿರುವುದರಿಂದ ಆ ಗಾಳಿ ಹಿತವಾಗಿರುತ್ತದೆ, ಇಲ್ಲಿಯದು ಕೊರೆಯುತ್ತದೆ.

ದಡದುದ್ದಕ್ಕೂ ಇದೇ ಲೆಕ್ಕ ಹೊಂದುವುದಿಲ್ಲ ಎಂಬುದನ್ನೂ ಗಮನಿಸಬೇಕು. ಹೆದ್ದಾರಿ 61ರಲ್ಲಿ ಈಶಾನ್ಯಕ್ಕೆ ಸಾಗಿ ಗ್ರ್ಯಾಂಡ್ ಮರೈಸ್ ತಲುಪಿದರೆ ಸರೋವರ ಊರಿನ ದಕ್ಷಿಣಕ್ಕಿರುತ್ತದೆ. ಡುಲೂತ್‌ಗೆ ಬೆಚ್ಚನೆಯ ದಿನ ತಂದ ನೈಋತ್ಯ ಗಾಳಿಯೇ ಅಲ್ಲಿ ನೀರಿನ ಮೇಲಿನಿಂದ ಬಂದು ಚಳಿ ಹುಟ್ಟಿಸುತ್ತದೆ. ಅಲ್ಲಿ ಬೇಕಾದದ್ದು ವಾಯವ್ಯದ ಗಾಳಿ. ಆದ್ದರಿಂದ ನೀವು ನಿಲ್ಲುವ ಜಾಗದಿಂದ ನೀರು ಯಾವ ದಿಕ್ಕಿಗಿದೆ ಎಂದು ನಕ್ಷೆಯಲ್ಲಿ ನೋಡಿಕೊಂಡೇ ಗಾಳಿಯ ಸಾಲನ್ನು ಓದಿ.

ಮಂಜು ಮುಸುಕುವುದೋ ಇಲ್ಲವೋ ಎಂದು ಊಹಿಸಲು ಇಬ್ಬನಿ ಬಿಂದುವನ್ನು, ಅಂದರೆ ಗಾಳಿಯಲ್ಲಿನ ತೇವ ಹನಿಗಟ್ಟತೊಡಗುವ ಉಷ್ಣಾಂಶವನ್ನು, ನೋಡಬೇಕು. ಅದು ನೀರಿನ ಉಷ್ಣಾಂಶಕ್ಕಿಂತ ಸಾಕಷ್ಟು ಮೇಲಿದ್ದು, ಗಾಳಿ ಸರೋವರದ ಕಡೆಯಿಂದ ಬರುತ್ತಿದ್ದರೆ, ಬಂದರಿನ ಎತ್ತುಸೇತುವೆಯೇ ಕಾಣದಷ್ಟು ಮಂಜು ಕವಿಯಬಹುದು. ಆದರೆ ಈ ತಣ್ಣನೆಯ ಪದರ ಅನೇಕ ವೇಳೆ ತೆಳುವಾಗಿರುತ್ತದೆ. ಕೆಳಗೆ ಏನೂ ಕಾಣದ ದಿನ ಸ್ಕೈಲೈನ್ ಪಾರ್ಕ್‌ವೇ ರಸ್ತೆ ಹಿಡಿದು ಎಂಗರ್ ಗೋಪುರದ ಕಡೆಗೆ ಏರಿದರೆ, ಬಿಸಿಲಿನಲ್ಲಿ ನಿಂತು ಕಾಲ ಕೆಳಗಿನ ಬಿಳಿಯ ಹಾಸನ್ನು ನೋಡುವ ಅವಕಾಶ ಸಿಕ್ಕೀತು.

ಕೈತೋಟದವರಿಗೆ ಒಂದು ಮಾತು. ಗುಡ್ಡದ ಮೇಲೂ ಒಳನಾಡಿನಲ್ಲೂ ಮೇ ಕೊನೆಯವರೆಗೆ ರಾತ್ರಿ ಹೆಪ್ಪುಗಟ್ಟುವ ಭಯವಿದೆ; ದಡದಲ್ಲಿ ಆ ಭಯ ಕಡಿಮೆ, ಆದರೆ ನೆಲ ಕಾಯುವುದು ನಿಧಾನ. ಮೆಂತ್ಯ, ಕೊತ್ತಂಬರಿ, ಪಾಲಕ್ ಬೀಜಗಳನ್ನು ಮೇ ಮಧ್ಯದಲ್ಲಿ ಧೈರ್ಯವಾಗಿ ಬಿತ್ತಬಹುದು. ಟೊಮೆಟೊ, ಮೆಣಸಿನಕಾಯಿ, ಬದನೆ ಸಸಿಗಳನ್ನು ಮಾತ್ರ ಮೇ ಕೊನೆಯ ಸೋಮವಾರದ ರಜೆ ಕಳೆಯುವವರೆಗೆ ಮನೆಯೊಳಗಿನ ಕಿಟಕಿಯ ಬಳಿಯೇ ಇಡಿ, ಆಮೇಲೂ ಹಳೆಯ ಹಾಸುಬಟ್ಟೆಯೊಂದನ್ನು ಕೈಗೆಟಕುವಂತೆ ಇಟ್ಟುಕೊಳ್ಳಿ. ಹುಲ್ಲು ಹಸಿರಾಗುವ ಮುನ್ನ ಒಣಗಾಳಿ ಬೀಸಿದರೆ ಕಾಡ್ಗಿಚ್ಚಿನ ಎಚ್ಚರಿಕೆಯನ್ನೂ ನೋಡಬೇಕು. 2025ರ ಮೇ ತಿಂಗಳಲ್ಲಿ ಡುಲೂತ್‌ನ ಉತ್ತರದ ಕಾಡುಗಳು ಹಾಗೆಯೇ ಹೊತ್ತಿ ಉರಿದವು.

ಮಕ್ಕಳೊಂದಿಗೆ ಬರುವವರು ಇದನ್ನು ಮರೆಯಲೇಬಾರದು: ಗಾಳಿ 25 ಡಿಗ್ರಿಯಿದ್ದರೂ ನೀರು ಚಳಿಗಾಲದ್ದೇ. ಅದರಲ್ಲಿ ಬಿದ್ದರೆ ಕೆಲವೇ ನಿಮಿಷಗಳಲ್ಲಿ ಕೈಕಾಲು ಮರಗಟ್ಟಿ, ಚೆನ್ನಾಗಿ ಈಜು ಬಲ್ಲವರೂ ಕೈ ಎತ್ತಲಾರರು. ಮರಳದಂಡೆಯಲ್ಲಿ ಆಡಲಿ, ದೋಣಿಯೇರಿದರೆ ಜೀವರಕ್ಷಕ ಅಂಗಿಯಿಲ್ಲದೆ ಏರದಿರಲಿ.

ಹೊರಡುವ ದಿನ ಬೆಳಿಗ್ಗೆ ವಿಮಾನ ನಿಲ್ದಾಣದ ಉಷ್ಣಾಂಶವನ್ನೂ ಬಂದರಿನ ಉಷ್ಣಾಂಶವನ್ನೂ ಅಕ್ಕಪಕ್ಕ ಇಟ್ಟು ನೋಡಿ, ಬಳಿಕ ಮಧ್ಯಾಹ್ನದ ಗಾಳಿಯ ದಿಕ್ಕನ್ನು ಓದಿ. ಮುನ್ಸೂಚನೆಯಲ್ಲಿ ‘ಸರೋವರದ ಬಳಿ ತಂಪು’ ಎಂಬ ಪುಟ್ಟ ಸಾಲಿದ್ದರೆ, ದಡವನ್ನು ಬೆಳಿಗ್ಗೆಯೇ ನೋಡಿ ಮುಗಿಸಿ ಬುತ್ತಿಯನ್ನು ಗುಡ್ಡದ ಮೇಲೆ ಬಿಚ್ಚಿ. ಅಮ್ಮನ ಸ್ವೆಟರ್ ಮತ್ತು ಕಿವಿ ಮುಚ್ಚುವ ಟೊಪ್ಪಿಗೆ ಡಿಕ್ಕಿಯಲ್ಲಿ ಬೇಡ, ಅವರ ಮಡಿಲಲ್ಲಿರಲಿ.