ಆಪರೇಷನ್‌ಗೆ ಮೊದಲು ರೇಟು ಕೇಳುವುದು ಹೇಗೆ: ನನ್ನ ಅನುಭವ

ಆರು ವರ್ಷ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ಕೂತು ಕೆಲಸ ಮಾಡಿದ್ದೇನೆ. ಈಗ ಬಿಟ್ಟಿದ್ದೇನೆ. ಆದರೂ ದಾವಣಗೆರೆಯ ನಮ್ಮ ಬೀದಿಯಲ್ಲಿ ಯಾರಿಗೆ ಆಪರೇಷನ್ ಅಂದರೂ ಫೈಲು ಹಿಡಿದು ನಮ್ಮ ಮನೆಗೇ ಬರುತ್ತಾರೆ.

ಹೋದ ತಿಂಗಳು ಪಕ್ಕದ ಮನೆ ಅಕ್ಕನಿಗೆ ಪಿತ್ತಕೋಶದಲ್ಲಿ ಕಲ್ಲು. "ಒಂದು ಕಡೆ 45,000 ಅಂದ್ರು, ಇನ್ನೊಂದು ಕಡೆ 62,000. ಕಡಿಮೆ ಇರೋ ಕಡೆ ಹೋಗ್ಲಾ?" ಅಂತ ಕೇಳಿದರು. ಎರಡೂ ಕಡೆ ಫೋನಿನಲ್ಲಿ ಹೇಳಿದ ರೇಟು. ಅದನ್ನು ನಾನು ರೇಟು ಅಂತಲೇ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಇಬ್ಬರೂ ಎರಡು ಆಸ್ಪತ್ರೆಗೂ ಹೋಗಿ ಅವೇ ಪ್ರಶ್ನೆ ಕೇಳಿದೆವು. ಯಾವ ರೂಮು, ಎಷ್ಟು ದಿನ, ಅರಿವಳಿಕೆ ಡಾಕ್ಟರ ಫೀಸು ಸೇರಿದೆಯಾ, ಔಷಧಿ, ಗ್ಲೌಸು, ಸಿರಿಂಜು ಪ್ಯಾಕೇಜಿನ ಒಳಗೋ ಹೊರಗೋ, ತೆಗೆದ ಪಿತ್ತಕೋಶದ ಬಯಾಪ್ಸಿಗೆ ಬೇರೆ ದುಡ್ಡಾ, ಒಂದು ದಿನ ಜಾಸ್ತಿ ಇರಬೇಕಾದರೆ ಎಷ್ಟು. 45,000 ಅಂದ ಕಡೆ ಅರಿವಳಿಕೆ 7,000, ಔಷಧಿ ಮತ್ತು ಸಾಮಾನು ಸುಮಾರು 12,000, ಬಯಾಪ್ಸಿ 2,000, ಎಲ್ಲಾ ಬೇರೆ. ಕೂಡಿದರೆ 66,000 ಆಯಿತು! ಇನ್ನೊಂದು ಕಡೆ 62,000ದಲ್ಲೇ ಎಲ್ಲಾ ಸೇರಿತ್ತು. ಅದನ್ನು ಬರೆದು, ಸೀಲು ಹಾಕಿಸಿಕೊಂಡೆ. ಕೇಳಲು ಸಂಕೋಚ ಬೇಡ, ದರಪಟ್ಟಿ ಜನರಿಗೆ ಕಾಣುವ ಹಾಗೆ ಹಾಕಬೇಕು ಅಂತ ಖಾಸಗಿ ಆಸ್ಪತ್ರೆಗಳಿಗಿರುವ ರಾಜ್ಯದ ಕೆಪಿಎಂಇ ಕಾಯ್ದೆಯಲ್ಲೇ ಇದೆ.

ಬಿಪಿಎಲ್ ಕಾರ್ಡು ಇದ್ದವರಿಗೆ ನಾನು ಮೊದಲು ಹೇಳುವುದೇ ಬೇರೆ. ಸರ್ಕಾರಿ ಆಸ್ಪತ್ರೆಗೆ ಹೋಗಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಆಗುತ್ತದಾ ಕೇಳಿ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ತುರ್ತು ಅಲ್ಲದಿದ್ದರೆ ಖಾಸಗಿಗೆ ಹೋಗಲು ಅಲ್ಲಿಂದ ರೆಫರಲ್ ಚೀಟಿ ಬೇಕು, ಸೀದಾ ಹೋಗಿ ಅಡ್ಮಿಟ್ ಆಗಿಬಿಟ್ಟರೆ ಕಷ್ಟ.

ಅಕ್ಕನಿಗೆ ಇದ್ದದ್ದು 3 ಲಕ್ಷದ ಇನ್ಶೂರೆನ್ಸು. ಪಾಲಿಸಿ ತೆಗೆದು ನೋಡಿದೆ, ರೂಮಿಗೆ ದಿನಕ್ಕೆ 1%, ಅಂದರೆ 3,000 ಮಾತ್ರ. ಅವರ ಮಗ 6,000ದ ಸಿಂಗಲ್ ರೂಮು ಕೇಳಿದ್ದ, ಪಾಪ, ಅಮ್ಮ ಆರಾಮಾಗಿರಲಿ ಅಂತ. ಇಂಥ ಪಾಲಿಸಿಯಲ್ಲಿ ಕೈಯಿಂದ ಹೋಗುವುದು ರೂಮಿನ ಹೆಚ್ಚುವರಿ 3,000 ಅಷ್ಟೇ ಅಲ್ಲ. ಪಾಲಿಸಿ ಕೊಡುವುದು ರೂಮಿನ ಬಾಡಿಗೆಯ ಅರ್ಧ ಮಾತ್ರ ಆದ್ದರಿಂದ ಡಾಕ್ಟರ ಫೀಸು, ಆಪರೇಷನ್ ಥಿಯೇಟರ್ ಚಾರ್ಜಿನಲ್ಲೂ ಅದೇ ಲೆಕ್ಕದಲ್ಲಿ ಅರ್ಧ ಕಡಿತ ಮಾಡುತ್ತಾರೆ. ಕೌಂಟರಿನಲ್ಲಿದ್ದಾಗ ಡಿಸ್ಚಾರ್ಜ್ ದಿನ ಇದು ಗೊತ್ತಾಗಿ ಕಣ್ಣೀರು ಹಾಕಿದವರನ್ನು ನೋಡಿದ್ದೇನೆ. ಮಗನಿಗೆ ಲೆಕ್ಕ ಬರೆದು ತೋರಿಸಿದೆ, ಇಬ್ಬರು ಇರುವ 2,500ರ ರೂಮಿಗೆ ಒಪ್ಪಿದ.

ಕೊನೆಗೆ ಬಿಲ್ಲು 62,800 ಬಂತು. ಮೇಲಿನ 800 ಯಾಕೆ ಅಂತ ಅಕ್ಕನೇ ಸೀಲು ಹಾಕಿದ ಚೀಟಿ ಹಿಡಿದು ಕೌಂಟರಿನಲ್ಲಿ ಕೇಳಿದರು.